ಅಂಚಿನಲ್ಲಿ ಬರೆದದ್ದನ್ನೂ ಓದಿ: ಹಿರಿಯರ ಜ್ಞಾನಸ್ನಾನದ ದಾಖಲೆ ಹುಡುಕುವ ಬಗೆ

ಹಿರಿಯರ ಜ್ಞಾನಸ್ನಾನದ (ಕ್ರೈಸ್ತರ ಬ್ಯಾಪ್ಟಿಸಮ್) ದಾಖಲೆ ಹುಡುಕಿಕೊಡಿ ಎಂದು ನನ್ನ ಬಳಿ ಬರುವವರು ಹೆಚ್ಚಾಗಿ ಒಂದು ಹೆಸರು, ಒಂದು ಅಂದಾಜು ಇಸವಿ ಹಿಡಿದು ಬರುತ್ತಾರೆ. ನಾನು ಮೊದಲು ಕೇಳುವುದು ಬೇರೆಯದನ್ನೇ. ಆ ಕುಟುಂಬ ಯಾವ ಸಭೆಗೆ, ಅಂದರೆ ಯಾವ ಕ್ರೈಸ್ತ ಪಂಗಡಕ್ಕೆ, ಸೇರಿತ್ತು? ಮಗು ಹುಟ್ಟಿದಾಗ ಮನೆ ಯಾವ ಚರ್ಚಿನ ವ್ಯಾಪ್ತಿಯಲ್ಲಿತ್ತು? ಕಥೋಲಿಕರು, ಆಂಗ್ಲಿಕನರು, ಲೂಥರನ್ನರು ಶಿಶುಗಳಿಗೇ ಜ್ಞಾನಸ್ನಾನ ಕೊಡಿಸುತ್ತಾರೆ. ಬ್ಯಾಪ್ಟಿಸ್ಟರಲ್ಲಿ ಹಾಗಿಲ್ಲ, ಬುದ್ಧಿ ಬಂದ ಮೇಲೆಯೇ; ಅಲ್ಲಿ ಹುಟ್ಟಿದ ವರ್ಷದ ಪುಟಗಳಲ್ಲಿ ಹುಡುಕಿ ಫಲವಿಲ್ಲ. ಇನ್ನು ಈಗ ಊರಲ್ಲಿರುವ ಚರ್ಚು ನಿಮ್ಮ ಹಿರಿಯರಿಗಿಂತ ಕಿರಿಯದಿರಬಹುದು. ಅದು ಯಾವ ವರ್ಷ ಸ್ಥಾಪನೆಯಾಯಿತು, ಅದಕ್ಕೂ ಮೊದಲು ಆ ಊರಿನವರು ಯಾವ ಮೂಲ ಚರ್ಚಿಗೆ ಹೋಗುತ್ತಿದ್ದರು ಎಂಬುದನ್ನು ತಿಳಿದುಕೊಂಡೇ ಹೊರಡಿ.

ಹುಡುಕಾಟ ಯಾವಾಗಲೂ ಗೊತ್ತಿರುವವರಿಂದ ಗೊತ್ತಿಲ್ಲದವರ ಕಡೆಗೆ ಸಾಗಬೇಕು. ಅಜ್ಜನ ಜ್ಞಾನಸ್ನಾನ ಸಿಗದಿದ್ದರೆ ಅಜ್ಜನ ಮದುವೆಯ ದಾಖಲೆ ತೆಗೆಯಿರಿ. ಕಥೋಲಿಕ ಮದುವೆಯ ದಾಖಲೆಗಳಲ್ಲಿ ವಧೂವರರ ತಂದೆತಾಯಿಯ ಹೆಸರು, ಅವರು ಯಾವ ಧರ್ಮಕೇಂದ್ರದವರು (ಯಾವ ಚರ್ಚಿನ ವ್ಯಾಪ್ತಿಯವರು) ಎಂಬುದು ಹಲವು ಬಾರಿ ಬರೆದಿರುತ್ತದೆ. ಆ ಒಂದು ಸಾಲು ನಿಮ್ಮನ್ನು ನೇರವಾಗಿ ಸರಿಯಾದ ಪುಸ್ತಕಕ್ಕೆ ಕರೆದೊಯ್ಯುತ್ತದೆ.

ಪುಸ್ತಕಗಳು ಎಷ್ಟು ಹಿಂದಕ್ಕೆ ಹೋಗುತ್ತವೆ ಎಂಬುದು ದೇಶ, ಸಭೆಗಳ ಮೇಲೆ ನಿಂತಿದೆ. ಇಂಗ್ಲೆಂಡಿನಲ್ಲಿ 1538ರಲ್ಲಿ ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಿಂದ ಈ ಬರವಣಿಗೆ ಶುರುವಾಯಿತು. ಕಥೋಲಿಕ ಸಭೆಯಲ್ಲಿ 1563ರಲ್ಲಿ ಟ್ರೆಂಟ್ ಮಹಾಸಭೆ (ಬಿಷಪರ ಸಮಾವೇಶ) ಜ್ಞಾನತಂದೆ, ಜ್ಞಾನತಾಯಿಯ (ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವವರ) ಹೆಸರು ಪುಸ್ತಕದಲ್ಲಿ ಬರೆಯಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಬರೆಯುವ ಮಾದರಿಯನ್ನೂ ಕೊಟ್ಟಿತು. ಆಜ್ಞೆ ಹೊರಟಿತೆಂದ ಮಾತ್ರಕ್ಕೆ ನಿಮ್ಮ ಚರ್ಚಿನ ಪುಸ್ತಕ ಅಂದಿನಿಂದಲೇ ಉಳಿದು ಬಂದಿರುತ್ತದೆ ಎಂದಲ್ಲ. ಬೆಂಕಿ, ಗೆದ್ದಲು, ಯುದ್ಧ ಎಲ್ಲವೂ ತಮ್ಮ ಪಾಲು ತಿಂದಿವೆ. ಪುಸ್ತಕ ಹೋಗಿದ್ದರೆ ನಕಲು ಉಂಟೇ ಎಂದು ವಿಚಾರಿಸಿ. ಇಂಗ್ಲೆಂಡಿನಲ್ಲಿ 1598ರಿಂದ ಪ್ರತಿವರ್ಷ ಬಿಷಪರಿಗೆ ಪ್ರತಿ ಕಳಿಸಬೇಕೆಂಬ ನಿಯಮವಿತ್ತು. ಎಷ್ಟೋ ಕಡೆ ಮೂಲ ಹೋಗಿ ಪ್ರತಿ ಉಳಿದಿದೆ.

ಈಗ ಹುಡುಕುವ ಕೆಲಸ. ಫ್ಯಾಮಿಲಿಸರ್ಚ್‌ನಂಥ ವಂಶಾವಳಿ ಜಾಲತಾಣಗಳಲ್ಲಿ ಹೆಸರು ಹಾಕಿದರೆ ಸೂಚಿ ತೆರೆಯುತ್ತದೆ. ದಯವಿಟ್ಟು ಸೂಚಿಯನ್ನೇ ದಾಖಲೆ ಎಂದುಕೊಳ್ಳಬೇಡಿ. ಅದು ಯಾರೋ ಹಳೆಯ ಕೈಬರಹ ಓದಿ ಆಯ್ದುಕೊಂಡ ನಾಲ್ಕು ಪದ. ಪುಟದ ಚಿತ್ರ ಸಿಗುವುದಾದರೆ ಅದನ್ನು ನೋಡಲೇಬೇಕು. ಹೇಳಿದ ಇಸವಿಗೆ ಅಂಟಿಕೊಳ್ಳದೆ ಹಿಂದೆ ಮುಂದೆ ಐದೈದು ವರ್ಷ ಓದಿ, ಏಕೆಂದರೆ ಮರಣದ ದಾಖಲೆಯಲ್ಲಿರುವ ವಯಸ್ಸು ಬಹುಪಾಲು ಅಂದಾಜು. ಓದುವಾಗ ಆ ದಂಪತಿಯ ಎಲ್ಲ ಮಕ್ಕಳನ್ನೂ ಬರೆದುಕೊಳ್ಳಿ. ಒಂದೇ ಹೆಸರು ಎರಡು ಸಲ ಬಂದರೆ ಮೊದಲ ಮಗು ತೀರಿಹೋಗಿ ಅದೇ ಹೆಸರನ್ನು ಮುಂದಿನ ಮಗುವಿಗೆ ಇಟ್ಟಿರುವ ಸಾಧ್ಯತೆ ಹೆಚ್ಚು. ಸಮಾಧಿಯ ಪುಸ್ತಕ ನೋಡದೆ ಯಾರು ನಿಮ್ಮ ಹಿರಿಯರೆಂದು ತೀರ್ಮಾನಿಸಬೇಡಿ.

ಹಳೆಯ ಕಥೋಲಿಕ ಪುಸ್ತಕಗಳಲ್ಲಿ ಲ್ಯಾಟಿನ್ ಕಂಡು ಹೆದರುವುದು ಬೇಡ. ಬೇಕಾದ ಪದಗಳು ಬೆರಳೆಣಿಕೆಯವು. ಬ್ಯಾಪ್ಟಿಜಾವಿ ಎಂದರೆ 'ನಾನು ಜ್ಞಾನಸ್ನಾನ ಕೊಟ್ಟೆ', ನಾಟುಸ್ ಎಂದರೆ ಹುಟ್ಟಿದವನು, ಫಿಲಿಯುಸ್ ಮಗ, ಫಿಲಿಯಾ ಮಗಳು, ಪಾಟ್ರಿನಿ ಜ್ಞಾನ ತಂದೆತಾಯಿ. ಎಯೋಡೆಮ್ ಡಿಯೆ ಎಂದಿದ್ದರೆ 'ಅದೇ ದಿನ'. ತಾರೀಕು ಮೇಲಿನ ದಾಖಲೆಯಲ್ಲಿರುತ್ತದೆ. ಸುಬ್ ಕೊಂಡಿಸಿಯೋನೆ ಎಂದಿದ್ದರೆ ಮೊದಲೇ ಜ್ಞಾನಸ್ನಾನ ಆಗಿತ್ತೋ ಇಲ್ಲವೋ ಎಂಬ ಸಂದೇಹದಲ್ಲಿ ಷರತ್ತಿನ ಮೇಲೆ ಕೊಟ್ಟದ್ದು. ಜೀವದ ಭಯವಿದ್ದ ಕೂಸಿಗೆ ಸೂಲಗಿತ್ತಿಯೇ ಅವಸರದಲ್ಲಿ ನೀರು ಹಾಕಿರಬಹುದು. ರಾಮ, ರಾಮನ, ರಾಮನಿಗೆ ಎಂದು ನಮ್ಮಲ್ಲಿ ವಿಭಕ್ತಿ ಬದಲಾಗುವಂತೆ ಅಲ್ಲೂ ಹೆಸರಿನ ಕೊನೆ ಬದಲಾಗುತ್ತದೆ. ಯೋಹಾನ್ನೆಸ್, ಯೋಹಾನ್ನಿಸ್ ಎರಡು ಹೆಸರಲ್ಲ, ಒಂದೇ ಹೆಸರು. ತಿಂಗಳಿನ ಜಾಗದಲ್ಲಿ 7 ಬರೆದು ಪಕ್ಕದಲ್ಲಿ 'ಬ್ರಿಸ್' ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಅಲ್ಲಿನ 1720ರ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1721ರದು. ಅಕ್ಷರ ಹತ್ತದಿದ್ದರೆ ಅದೇ ಪಾದ್ರಿಗಳು ಬರೆದ ಬೇರೆ ಪುಟಗಳಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವ ಹೆಸರುಗಳನ್ನು ಹುಡುಕಿ, ಅವರ ಅಕ್ಷರಮಾಲೆಯನ್ನು ಕಾಗದದ ಮೇಲೆ ಕಟ್ಟಿಕೊಳ್ಳಿ.

ಇಷ್ಟಾಗಿ ಮಗುವಿನ ಹೆಸರು ಸಿಕ್ಕ ಕೂಡಲೇ ಪುಸ್ತಕ ಮುಚ್ಚುವವರೇ ಹೆಚ್ಚು. ನನಗೆ ಸಂಕಟವಾಗುವುದು ಅಲ್ಲಿಯೇ. ಜ್ಞಾನತಂದೆ, ಜ್ಞಾನತಾಯಿಯಾಗಿ ನಿಲ್ಲುತ್ತಿದ್ದವರು ಬಹಳ ಸಲ ಸೋದರಮಾವ, ಅತ್ತೆ, ದೊಡ್ಡಮ್ಮ, ಅಜ್ಜ. ನನ್ನ ಮುತ್ತಜ್ಜಿಯ ತವರಿನ ಮನೆತನ ಯಾರಿಗೂ ನೆನಪಿರಲಿಲ್ಲ. ಅವಳ ಮಕ್ಕಳ ದಾಖಲೆಗಳನ್ನೆಲ್ಲ ಒಂದರ ಕೆಳಗೊಂದು ಬರೆದಾಗ ಜ್ಞಾನ ತಂದೆತಾಯಿಗಳಲ್ಲಿ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಕಂಡಿತು. ಆ ಹೆಸರು ಹಿಡಿದು ಪಕ್ಕದ ಧರ್ಮಕೇಂದ್ರದ ಪುಸ್ತಕ ತೆರೆದೆವು. ಅಲ್ಲಿ ಅವಳ ಜ್ಞಾನಸ್ನಾನವಿತ್ತು, ಅಂಚಿನಲ್ಲಿ ಅವಳ ಮದುವೆಯ ತಾರೀಕು, ವರನ ಹೆಸರೂ ಇದ್ದವು. ಅದು ನಮ್ಮವಳೇ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಆ ಅಂಚಿನ ಬರಹ ಆಕಸ್ಮಿಕವಲ್ಲ. 1908ರಲ್ಲಿ ಜಾರಿಗೆ ಬಂದ ಕಥೋಲಿಕ ಸಭೆಯ ನೇ ತೆಮೆರೆ ಎಂಬ ಮದುವೆಯ ಆದೇಶದಂತೆ, ಮದುವೆ ಎಲ್ಲೇ ಆಗಲಿ, ಅದನ್ನು ಜ್ಞಾನಸ್ನಾನದ ಪುಸ್ತಕದಲ್ಲಿ ಬರೆಯಲೇಬೇಕಾಯಿತು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದವರ ಪುಟದಲ್ಲೂ ಇದು ಸಿಗುತ್ತದೆ. ಇಂಗ್ಲೆಂಡಿನ ಆಂಗ್ಲಿಕನ್ ಪುಸ್ತಕಗಳಲ್ಲಿ 1813ರಿಂದ ಅಚ್ಚಾದ ನಮೂನೆ ಬಂತು. ಅದರಲ್ಲಿ ತಂದೆಯ ಕಸುಬು, ವಾಸದ ಊರು ಇರುತ್ತವೆ, ಜ್ಞಾನ ತಂದೆತಾಯಿಗೆ ಅಂಕಣವಿಲ್ಲ. ಅಲ್ಲಿ ಕಸುಬು ಮತ್ತು ಊರನ್ನೇ ಹಿಡಿದು ಮುಂದುವರಿಯಬೇಕು.

ಪುಟದ ಚಿತ್ರ ಎಲ್ಲೂ ಸಿಗದಿದ್ದರೆ ಚರ್ಚಿಗೇ ಬರೆಯಿರಿ. ಪತ್ರ ಚಿಕ್ಕದಿರಲಿ: ಮಗುವಿನ ಹೆಸರು, ತಂದೆತಾಯಿಯ ಹೆಸರು, ಹುಡುಕಬೇಕಾದ ವರ್ಷಗಳು, ನಿಮಗೂ ಆ ವ್ಯಕ್ತಿಗೂ ಇರುವ ಸಂಬಂಧ. ಒಂದು ಪತ್ರದಲ್ಲಿ ಒಬ್ಬರನ್ನೇ ಕೇಳಿ. ಇಡೀ ವಂಶವನ್ನು ಕೇಳಿದರೆ ಉತ್ತರ ತಡವಾಗುತ್ತದೆ. 'ಸರ್ಟಿಫಿಕೇಟ್ ಕೊಡಿ' ಎಂದಷ್ಟೇ ಬರೆದರೆ ಹೆಸರು, ತಾರೀಕು ತುಂಬಿದ ನಮೂನೆಯೊಂದು ಬಂದು ಕೈಸೇರಬಹುದು. ಅದಕ್ಕೇ 'ಜ್ಞಾನ ತಂದೆತಾಯಿಯ ಹೆಸರು, ಅಂಚಿನ ಟಿಪ್ಪಣಿ ಸಹಿತ ಪೂರ್ತಿ ದಾಖಲೆಯ ನಕಲು ಅಥವಾ ಫೋಟೋ ದಯಪಾಲಿಸಬೇಕು' ಎಂದು ಸ್ಪಷ್ಟವಾಗಿ ಬರೆಯಿರಿ. ಈಚಿನ ದಶಕಗಳ ದಾಖಲೆಯನ್ನು ಬೇರೆಯವರಿಗೆ ಕೊಡದಿರಬಹುದು, ಅದು ನ್ಯಾಯವೇ. ಹಳೆಯ ಪುಸ್ತಕಗಳು ಚರ್ಚಿನಲ್ಲಿ ಇಲ್ಲವೆಂದರೆ ಧರ್ಮಪ್ರಾಂತ್ಯದ (ಬಿಷಪರ ಆಡಳಿತ ವ್ಯಾಪ್ತಿಯ) ದಾಖಲೆ ಸಂಗ್ರಹದಲ್ಲೋ ಸರ್ಕಾರಿ ಪತ್ರಾಗಾರದಲ್ಲೋ ಇವೆಯೇ ಎಂದು ಅವರನ್ನೇ ಕೇಳಿ. ಉತ್ತರ ಬಂದಾಗ ಪುಸ್ತಕದ ಹೆಸರು, ಸಂಪುಟ, ಪುಟ, ಕ್ರಮಸಂಖ್ಯೆಯನ್ನು ಅಂದೇ ಬರೆದಿಡಿ. ಹುಡುಕಿಯೂ ಸಿಗದ ವರ್ಷಗಳನ್ನೂ ಬರೆದಿಡಿ. ನಿಮ್ಮ ನಂತರ ಈ ಕೆಲಸ ಕೈಗೆತ್ತಿಕೊಳ್ಳುವವರು ಅದೇ ಪುಟಗಳನ್ನು ಮತ್ತೆ ತಿರುವಬೇಕಾಗುವುದಿಲ್ಲ.