ಕುದುರೆಮುಖ ಚಾರಣ: ಹೊತ್ತಿನ ಲೆಕ್ಕ, ಇಂಬಳದ ಉಪಾಯ

ಕುದುರೆಮುಖ ಶಿಖರದ ಎತ್ತರ 1,894 ಮೀಟರ್. ಹಗ್ಗ, ಕೊಕ್ಕೆ ಬೇಕಾಗುವ ಬೆಟ್ಟ ಇದಲ್ಲ. ಆದರೆ ನಡಿಗೆ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಹೋಗಿಬರಲು ಸುಮಾರು 20 ಕಿ.ಮೀ. ನಡಿಗೆ, ಅದೂ ಒಂದೇ ಹಗಲಿನಲ್ಲಿ. ರಾಷ್ಟ್ರೀಯ ಉದ್ಯಾನದೊಳಗೆ ಡೇರೆ ಹಾಕಿ ತಂಗುವಂತಿಲ್ಲ.

ಮೊದಲು ಅನುಮತಿ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು. ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಜಾಗ ಬೇಗ ಮುಗಿಯುತ್ತದೆ. ವಾರದ ನಡುವೆ ಹೋಗುವುದೇ ಒಳ್ಳೆಯದು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಜೋರು ಮಳೆಯಲ್ಲಿ ಹಳ್ಳ ಉಕ್ಕುವುದಕ್ಕೆ ದಾರಿ ಮುಚ್ಚುವುದುಂಟು. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಬುಕಿಂಗ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೆ ತನ್ನಿ.

ಕಳಸದ ಕಡೆಯಿಂದ ಬಂದರೆ ಬಾಳೆಗಲ್‌ನಿಂದ ಮುಳ್ಳೋಡಿವರೆಗೆ ಬಾಡಿಗೆ ಜೀಪು ಹಿಡಿಯಬೇಕು. ಆ ಕಲ್ಲುದಾರಿಯಲ್ಲಿ ಕಾರು ಹತ್ತಿಸಿ ತಳ ಬಡಿಸಿಕೊಳ್ಳಬೇಡಿ. ಬೆಳಿಗ್ಗೆ 7ಕ್ಕೆ ನಡಿಗೆ ಶುರುವಾದರೆ ಒಂಟಿಮರ, ಪಾಳುಬಿದ್ದ ಲೋಬೊ ಮನೆ ದಾಟಿ ನಡುಹಗಲಿನ ಹೊತ್ತಿಗೆ ತುದಿ ಮುಟ್ಟಬಹುದು. ಎಲ್ಲಿದ್ದರೂ ಸರಿ, 1 ಗಂಟೆಗೆ ಹಿಂತಿರುಗಿ. ಮಧ್ಯಾಹ್ನದ ಮೇಲೆ ಮಂಜು ಕವಿದರೆ ಹುಲ್ಲುಗಾವಲಿನಲ್ಲಿ ಹತ್ತು ಮಾರು ಮುಂದಿನ ದಾರಿಯೂ ಕಾಣದು. ಸಂಜೆಯಾಗುತ್ತಲೇ ಕಾಟಿಗಳು (ಕಾಡುಕೋಣಗಳು) ಮೇಯಲು ಬಯಲಿಗೆ ಇಳಿಯುತ್ತವೆ. ಕಾಟಿ ಎದುರಾದರೆ ನಿಂತುಬಿಡಿ, ಮೆಲ್ಲಗೆ ಹಿಂದೆ ಸರಿದು ಅದಕ್ಕೆ ದಾರಿ ಬಿಡಿ. ಫೋಟೊಕ್ಕೆಂದು ಹತ್ತಿರ ಹೋಗುವುದು ಬೇಡವೇ ಬೇಡ.

ತಲೆಗೆ ಎರಡು ಲೀಟರ್ ನೀರು, ಸ್ಟೀಲ್ ಡಬ್ಬಿಯಲ್ಲಿ ಬುತ್ತಿ, ಮಳೆಕೋಟು, ಟಾರ್ಚು. ಜೀನ್ಸ್ ಒದ್ದೆಯಾದರೆ ಭಾರವಾಗಿ ತೊಡೆ ಉಜ್ಜುತ್ತದೆ; ಬೇಗ ಒಣಗುವ ಪ್ಯಾಂಟ್ ಹಾಕಿ. ಹೊಸ ಶೂ ಹಾಕಿಕೊಂಡು ಬಂದವರ ಹಿಮ್ಮಡಿಯಲ್ಲಿ ಬೊಬ್ಬೆ ಏಳುವುದು ಹೆಚ್ಚಾಗಿ ಇಳಿಯುವಾಗ, ಅರ್ಧ ದಾರಿ ಉಳಿದಿರುವಾಗಲೇ.

ಇನ್ನು ಇಂಬಳ, ಅಂದರೆ ಕಾಡಿನ ನೆಲದ ಜಿಗಣೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇವುಗಳಿಂದ ತಪ್ಪಿಸಿಕೊಳ್ಳಲಾಗದು. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಇಂಬಳದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿ. ಉಣ್ಣೆಯ ಸಾಕ್ಸ್‌ನ ಕಣ್ಣಿನೊಳಗೆ ಅವು ಸಲೀಸಾಗಿ ನುಸುಳುತ್ತವೆ. ಚೀಲದ ಹೊರಗೆ ಹೊಗೆಸೊಪ್ಪು ನೆನೆಸಿದ ನೀರು ಸವರುವುದು ಮಲೆನಾಡಿನ ಹಳೆಯ ಉಪಾಯ. ಮಳೆಗೆ ತೊಳೆದುಹೋಗುವುದರಿಂದ ಮತ್ತೆ ಸವರಬೇಕಾಗುತ್ತದೆ. ಹಳ್ಳ ದಾಟುವ ಮೊದಲು ಮಾತ್ರ ಸವರಬೇಡಿ, ಆ ನೀರಲ್ಲಿ ಕಪ್ಪೆಮರಿಗಳಿರುತ್ತವೆ.

ಕಚ್ಚಿದ ಇಂಬಳಕ್ಕೆ ಉಪ್ಪು ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಎಲ್ಲರೂ ಮಾಡುವ ತಪ್ಪು. ನೋವಿಗೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕಬಹುದು. ಅದರಿಂದ ಗಾಯ ಕೀವಾಗಲೂಬಹುದು. ಅದರ ಸಪೂರ ತುದಿಯೇ ಬಾಯಿ. ಅಲ್ಲಿ ಚರ್ಮಕ್ಕೆ ಉಗುರು ಒತ್ತಿ ಪಕ್ಕಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ, ದೂರ ಚಿಮ್ಮಿಸಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ, ಇಂಬಳ ಬಿಟ್ಟ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ಗಾಬರಿ ಬೇಡ. ತೊಳೆದು, ಶುಚಿಯಾದ ಬಟ್ಟೆಯಿಂದ 10–15 ನಿಮಿಷ ಒತ್ತಿಹಿಡಿದು ಪಟ್ಟಿ ಕಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲ ಬಿಟ್ಟು ಡಿಸೆಂಬರ್‌ನಲ್ಲಿ ಬರಲಿ.

ದಾರಿಯಲ್ಲಿ ಅಡ್ಡಹಾದಿ ತುಳಿಯಬೇಡಿ ಎಂದು ಗೈಡ್ ಹೇಳಿದರೆ ಕೇಳಿ. ಇಲ್ಲಿಯ ಹುಲ್ಲಿನ ಕೆಳಗೆ ಮಣ್ಣಿನ ಪದರ ತೆಳು. ಒಮ್ಮೆ ಹುಲ್ಲು ಕಿತ್ತರೆ ಮುಂದಿನ ಮಳೆಗೆ ಅದೇ ಕೊರಕಲಾಗಿ, ಕೆಳಗಿನ ಕಣಿವೆಯಲ್ಲಿ ದಟ್ಟವಾಗಿ ಬೆಳೆಯುವ ಶೋಲಾ ಕಾಡಿನ ತೊರೆಗೆ ಮಣ್ಣು ಇಳಿಯುತ್ತದೆ. ಸಿಂಗಳೀಕ ಕಂಡರೆ ತಿಂಡಿ ಎಸೆಯಬೇಡಿ; ಮರದ ಮೇಲೇ ಬದುಕುವ ಆ ಕೋತಿ ತಿಂಡಿಯ ಆಸೆಗೆ ರಸ್ತೆಗಿಳಿದು ವಾಹನಕ್ಕೆ ಸಿಗುತ್ತದೆ.

ಮುಳ್ಳೋಡಿಗೆ ಮರಳಿದ ಮೇಲೆ ಜೀಪು ಹತ್ತುವ ಮೊದಲು ಶೂ, ಕಾಲುಚೀಲ, ಸೊಂಟದ ಪಟ್ಟಿ, ಕತ್ತಿನ ಹಿಂಭಾಗ ನೋಡಿಕೊಳ್ಳಿ. ಕಚ್ಚಿದ ಜಾಗ ಕೆಲವು ದಿನ ನವೆಯಾಗುತ್ತದೆ, ಕೆರೆಯಬೇಡಿ. ಸುತ್ತ ಕೆಂಪಾಗಿ ಊದಿದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ.