ಮೇಡಂ, ಸ್ವಲ್ಪ ಕಡಿಮೆ ಮಾಡಿ

1996ರಲ್ಲಿ ಬೆಂಗಳೂರಿನ ಒಂದು ಶೂಟಿಂಗ್ ಮನೆಯ ಅಡುಗೆಕೋಣೆಯಲ್ಲಿ ನಾನು ಮೊದಲ ಸಲ ಕ್ಯಾಮೆರಾ ಮುಂದೆ ನಿಂತೆ. ಇದ್ದದ್ದು ಒಂದೇ ಮಾತು: ‘ಊಟಕ್ಕೆ ಬಾರೋ, ಆರಿಹೋಗುತ್ತೆ.’ ಹೇಳಿದೆ. ಸೌಂಡಿನ ಹುಡುಗ ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಡೈರೆಕ್ಟರು ಮಾನಿಟರ್ ಹಿಂದಿನಿಂದ ಕತ್ತು ಚಾಚಿ, ‘ಮೇಡಂ, ಸ್ವಲ್ಪ ಕಡಿಮೆ ಮಾಡಿ’ ಅಂದರು. ಮತ್ತೆ ಹೇಳಿದೆ. ‘ಇನ್ನೂ ಕಡಿಮೆ.’ ಏಳನೇ ಟೇಕಿಗೆ ಓಕೆ ಆಯಿತು. ಅಷ್ಟೊತ್ತಿಗೆ ತಟ್ಟೆಯಲ್ಲಿದ್ದ ಅನ್ನ ನಿಜವಾಗಿಯೂ ಆರಿ ಕಟ್ಟಿಗೆಯಾಗಿತ್ತು.

ಏನನ್ನು ಕಡಿಮೆ ಮಾಡಬೇಕು ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ತಿಳಿಯೋದಕ್ಕೆ ಏಳೆಂಟು ವರ್ಷ ಹಿಡಿಯಿತು.

ನನ್ನ ದನಿ ಬೆಳೆದದ್ದು ತಗಡಿನ ಶೀಟಿನ ಕೆಳಗೆ. ಊರು ಹಾವೇರಿ ಕಡೆ. ಅಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಶುರುವಾದರೆ ಕಂಪನಿಗಳೆಲ್ಲ ಅಲ್ಲೇ ಕ್ಯಾಂಪು. ದಿನಕ್ಕೆ ಎರಡು ಆಟ, ಕೆಲವೊಮ್ಮೆ ಮೂರು. ಪಕ್ಕದ ಕಂಪನಿಯ ಹಾಸ್ಯದವನ ಮಾತಿಗೆ ನಮ್ಮ ಜನ ನಗುತ್ತಿದ್ದರು, ನಮ್ಮ ನಾಯಕಿಯ ಅಳುವಿಗೆ ಅವರ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಗದ್ದಲದಲ್ಲಿ ಕೇಳಿಸದವರಿಗೆ ಪಾತ್ರ ಇರಲಿಲ್ಲ. ಅಪ್ಪನಿಗೆ ಗುಬ್ಬಿ ಕಂಪನಿ ಅಂದರೆ ದೇವರ ಕೋಣೆ. 1954ರಲ್ಲಿ ಆ ಕಂಪನಿಯ ನಾಟಕವೇ ‘ಬೇಡರ ಕಣ್ಣಪ್ಪ’ ಸಿನಿಮಾ ಆಗಿ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಒಟ್ಟಿಗೇ ಪರದೆಗೆ ಬಂದ ಕಥೆಯನ್ನು ನೂರು ಸಲ ಹೇಳಿದ್ದಾರೆ. ಆದರೆ ಮಗಳು ಬಣ್ಣ ಹಚ್ಚುತ್ತೇನೆ ಅಂದಾಗ ಮಾತ್ರ, ‘ಕಂಪನಿ ಬ್ಯಾಡವ್ವಾ. ಕಲೀಬೇಕಂದ್ರ ಹೆಗ್ಗೋಡಿಗೆ ಹೋಗು’ ಅಂದರು.

1991ರಲ್ಲಿ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರಕ್ಕೆ ಸೇರಿದೆ. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ವರ್ಷ. ಅವರು ಪಂಚೆ ಉಟ್ಟು, ಎಲೆಯಡಿಕೆ ಹಾಕಿಕೊಂಡು ಅಂಗಳದಲ್ಲಿ ಓಡಾಡೋದು ನೋಡಿದರೆ ಅದೆಲ್ಲ ಯಾರಿಗೆ ಬಂದದ್ದೋ ಅನ್ನಿಸುತ್ತಿತ್ತು. ಬಯಲುಸೀಮೆಯವಳಾದ ನನಗೆ ಮಲೆನಾಡಿನ ಸಾಗರ ತಾಲೂಕಿನ ಮಳೆ ಮೊದಲ ಶತ್ರು. ಒಗೆದ ಬಟ್ಟೆ ಒಣಗೋದು ನಾಲ್ಕು ದಿನಕ್ಕೆ.

ಅಲ್ಲಿ ಕಲಿತದ್ದರಲ್ಲಿ ಇವತ್ತಿಗೂ ನನ್ನ ಅನ್ನಕ್ಕೆ ದಾರಿಯಾಗಿರೋದು ಒಂದು ಅಭ್ಯಾಸ. ಶಿವರಾಮ ಕಾರಂತ ರಂಗಮಂದಿರದಲ್ಲಿ ನಮ್ಮನ್ನು ರಂಗದ ಮೇಲೆ ನಿಲ್ಲಿಸಿ ಮೇಷ್ಟ್ರು ಕೊನೇ ಸಾಲಿಗೆ ಹೋಗಿ ಕೂರುತ್ತಿದ್ದರು. ‘ಗುಟ್ಟು ಹೇಳು, ನನಗೂ ಕೇಳಬೇಕು’ ಅನ್ನೋರು. ಕಿರುಚಿದರೆ ಅದು ಗುಟ್ಟಲ್ಲ, ಪಿಸುಗುಟ್ಟಿದರೆ ಮುಟ್ಟೋದಿಲ್ಲ. ಸ್ವರ ಎಳೆದರೆ ಗದ್ದಲ, ವ್ಯಂಜನ ಗಟ್ಟಿ ಹಿಡಿದರೆ ಮಾತು ಅಂತ ತಿಂಗಳುಗಟ್ಟಲೆ ಒದ್ದಾಡಿದ ಮೇಲೆ ಗೊತ್ತಾಯಿತು. ಇನ್ನೊಂದು, ವಾಕ್ಯದ ಬಾಲ ನುಂಗಬಾರದು. ಕನ್ನಡದಲ್ಲಿ ಹೌದೋ ಅಲ್ಲವೋ ಅನ್ನೋದು ಇರೋದೇ ಕೊನೆಯಲ್ಲಿ. ‘ಮಾಡ್ತೀನಿ’, ‘ಮಾಡಲ್ಲ’. ಉಸಿರು ಮುಗಿದು ಆ ತುದಿ ಬಿದ್ದುಹೋದರೆ ಗಂಡನ ಮನೆಗೆ ಹೋದವಳೋ ಬಿಟ್ಟವಳೋ ಜನಕ್ಕೆ ತಿಳಿಯೋದಿಲ್ಲ. ಈಗಿನ ಹುಡುಗರಲ್ಲಿ ಹತ್ತಕ್ಕೆ ಎಂಟು ಮಂದಿ ಈ ಬಾಲ ನುಂಗುತ್ತಾರೆ. ಕಾಲರಿಗೆ ಸಿಕ್ಕಿಸಿದ ಮೈಕು ಅವರನ್ನು ಕಾಪಾಡುತ್ತದೆ.

ಆಮೇಲೆ ಎರಡು ವರ್ಷ ‘ತಿರುಗಾಟ’, ಊರೂರು ಸುತ್ತಿ ಆಡುವ ನೀನಾಸಮ್ ತಂಡ. 1985ರಿಂದ ನಡೆದುಬಂದಿದ್ದ ಆ ಸಂಚಾರದಲ್ಲಿ ನಟರೇ ಹಮಾಲರು. ಊರು ಮುಟ್ಟಿದ ಕೂಡಲೇ ಸಾಮಾನು ಇಳಿಸೋದು, ಕಪ್ಪು ಪರದೆ ಕಟ್ಟೋದು, ಲೈಟು ಏರಿಸೋದು. ನನ್ನದು ವಸ್ತ್ರ ವಿಭಾಗ. ಸಂಜೆ ರಾಣಿಯಾಗುವವಳು ಮಧ್ಯಾಹ್ನವೆಲ್ಲ ಸೇನಾಪತಿಯ ಅಂಗಿಗೆ ಇಸ್ತ್ರಿ. ಶಾಲೆ ಅಂಗಳ, ಟೌನ್‌ಹಾಲ್, ಎಪಿಎಂಸಿ ಯಾರ್ಡು, ಎಲ್ಲ ಕಡೆ ಆಡಿದೆವು. ಒಂದೂರಲ್ಲಿ ಕರೆಂಟು ಹೋಗಿ ಉಳಿದ ಅರ್ಧ ನಾಟಕವನ್ನು ಎರಡು ಪೆಟ್ರೋಮ್ಯಾಕ್ಸಿನಲ್ಲಿ ಮುಗಿಸಿದೆವು. ಅವತ್ತು ನನ್ನ ಗುಟ್ಟು ಕೊನೇ ಸಾಲಿನ ಅಜ್ಜಿಗೆ ಮುಟ್ಟಿತ್ತು. ಆಕೆ ಎದ್ದು ‘ಹೇಳಬ್ಯಾಡ, ಆ ಮುಂಡೇಗಂಡ ಕೇಳಸ್ಕೋತಾನ!’ ಅಂತ ಕೂಗಿದ್ದು ನನಗೆ ಸಿಕ್ಕ ದೊಡ್ಡ ವಿಮರ್ಶೆ.

ಇಂಥ ದನಿ ಹೊತ್ತು ಬೆಂಗಳೂರಿಗೆ ಬಂದೆ. ಉದಯ ಟಿವಿ 1994ರಲ್ಲಿ ಬಂದಿತ್ತು, 2000ದ ಕೊನೆಗೆ ಈಟಿವಿ ಬಂತು. ದಿನದಿನದ ಧಾರಾವಾಹಿಗಳಿಗೆ ಮುಖಗಳು ಬೇಕಿದ್ದವು. ಮುಖ ಬೇಕಿತ್ತು, ನನ್ನ ಭಾಷೆ ಬೇಕಿರಲಿಲ್ಲ. ಉತ್ತರ ಕರ್ನಾಟಕದ ಮಾತು ಮನೆಗೆಲಸದವಳಿಗೆ, ಇಲ್ಲದಿದ್ದರೆ ಹಾಸ್ಯಕ್ಕೆ. ನ್ಯಾಯಾಧೀಶೆ, ಡಾಕ್ಟರು ಅಂದರೆ ಬೆಂಗಳೂರು ಕನ್ನಡ. ಈ ವಿಚಾರದಲ್ಲಿ ಸಿಟ್ಟು ಇನ್ನೂ ಇಳಿದಿಲ್ಲ. ಮೂವತ್ತಕ್ಕೇ ಅಮ್ಮನ ಪಾತ್ರ ಬಂತು. ಮಗನಾದ ಹುಡುಗನಿಗೆ ಇಪ್ಪತ್ತಾರು. ಕೂದಲಿಗೆ ಬಿಳಿ ಬಳಿದರು, ಅಷ್ಟೇ. ದುಡ್ಡಿನ ಸಂಗತಿ ಹೆಚ್ಚು ಹೇಳೋದಿಲ್ಲ: ದಿನದ ಲೆಕ್ಕ, ಕೈಗೆ ಬರೋದು ಮೂರು ತಿಂಗಳಿಗೆ. ಒಬ್ಬ ನಿರ್ಮಾಪಕರ ಚೆಕ್ಕು ಎರಡು ಸಲ ವಾಪಸು ಬಂತು, ಮೂರನೇ ಸಲ ನಾನು ಹಾಕಲಿಲ್ಲ.

ಕಡಿಮೆ ಮಾಡೋ ವಿಷಯಕ್ಕೆ ಬರ್ತೀನಿ. ಅಷ್ಟೂ ವರ್ಷ ನಾನು ಮಾಡುತ್ತಿದ್ದದ್ದು ರಂಗದ ಅಭಿನಯಕ್ಕೆ ನೀರು ಬೆರೆಸೋದು. ದನಿ ಇಳಿಸಿದೆ, ಕೈ ಕಟ್ಟಿಕೊಂಡೆ, ಹುಬ್ಬು ಅಲುಗದಂತೆ ನೋಡಿಕೊಂಡೆ. ಪರದೆ ಮೇಲೆ ಸತ್ತ ಮೀನಿನ ಹಾಗೆ ಕಾಣುತ್ತಿದ್ದೆ. ಒಂದು ದಿನ ಮಗನಿಗೆ ಬಯ್ಯೋ ಸೀನು ನಡೆದಿತ್ತು. ಕ್ಯಾಮೆರಾಮನ್ ಹುಡುಗ ಲೈಟು ಸರಿಮಾಡುತ್ತಾ, ‘ಅಕ್ಕಾ, ನೀವು ಯಾರ ಜತೆ ಮಾತಾಡ್ತಿದೀರಾ? ಅವನು ಇಲ್ಲೇ ಇದಾನಲ್ಲ’ ಅಂದ. ಎದುರಿಗಿದ್ದವನು ಎರಡಡಿ ದೂರದಲ್ಲಿದ್ದ. ನಾನು ಅವನ ತಲೆಯ ಮೇಲಿಂದ ಹಾರಿಸಿ ಇನ್ನೂ ಆ ಅಜ್ಜಿಯ ಜತೆಗೇ ಮಾತಾಡುತ್ತಿದ್ದೆ, ಮೆಲ್ಲಗೆ.

ಕಡಿಮೆ ಮಾಡಬೇಕಾಗಿದ್ದದ್ದು ದೂರವನ್ನು. ಭಾವವನ್ನಲ್ಲ. ಎರಡಡಿಯಲ್ಲಿರುವವನಿಗೆ ಎಷ್ಟು ಬೇಕೋ ಅಷ್ಟೇ ದನಿ, ಸಿಟ್ಟು ಮಾತ್ರ ಪೂರ್ತಿ. ಅಂದಿನಿಂದ ಶಾಟಿಗೆ ಮುಂಚೆ ‘ಟೈಟಾ, ವೈಡಾ?’ ಅಂತ ಕೇಳದೆ ನಿಲ್ಲೋದಿಲ್ಲ. ವೈಡ್ ಆದರೆ ಮೈಯೆಲ್ಲ ಮಾತಾಡಬಹುದು. ಟೈಟಿನಲ್ಲಿ, ಅಂದರೆ ಮುಖವೇ ತುಂಬಿದ ಶಾಟಿನಲ್ಲಿ, ಎದುರಿನವನ ಎರಡೂ ಕಣ್ಣುಗಳ ನಡುವೆ ನೋಟ ಓಡಾಡಿದರೆ ಕಳ್ಳಿಯ ಹಾಗೆ ಕಾಣುತ್ತೇವೆ. ಕ್ಯಾಮೆರಾಕ್ಕೆ ಹತ್ತಿರವಿರುವ ಒಂದೇ ಕಣ್ಣನ್ನು ನೋಡಬೇಕು. ಎಷ್ಟೋ ಸಲ ಎದುರಿಗೆ ಆ ನಟನೇ ಇರೋದಿಲ್ಲ, ಬೇರೆ ಶೂಟಿಂಗಿಗೆ ಓಡಿರುತ್ತಾನೆ. ಸ್ಟ್ಯಾಂಡಿಗೆ ಅಂಟಿಸಿದ ಟೇಪಿನ ತುಂಡಿಗೆ ‘ನನ್ನ ಕರುಳು ಸುಡ್ತಿದೆ ಕಣೋ’ ಅನ್ನಬೇಕು. ಪಕ್ಕದಲ್ಲಿ ಅಸಿಸ್ಟೆಂಟ್ ಹುಡುಗ ಪ್ರಾಂಪ್ಟ್ ಮಾಡುತ್ತಾ ಅದೇ ಮಾತನ್ನು ತರಕಾರಿ ಪಟ್ಟಿ ಓದಿದ ಹಾಗೆ ಓದುತ್ತಿರುತ್ತಾನೆ. ನಾನು ಮೇಕಪ್ಪಿನಲ್ಲೇ ಸೀನು ಬಾಯಿಪಾಠ ಮಾಡಿ, ‘ಅಣ್ಣಾ, ನಾನು ತಡವರಿಸಿದರೆ ಮಾತ್ರ ಹೇಳು’ ಅಂತ ಒಪ್ಪಂದ ಮಾಡಿಕೊಳ್ಳುತ್ತೇನೆ. ಡಬ್ಬಿಂಗ್‌ನಲ್ಲಿ ಹೆಗ್ಗೋಡಿನ ವ್ಯಂಜನವೇ ಕೈಹಿಡಿಯಿತು. ಪ, ಬ, ಮ ಬರುವಲ್ಲಿ ತುಟಿ ಮುಚ್ಚುತ್ತದೆ. ಅಲ್ಲಿ ಸರಿಯಾಗಿ ಕೂತರೆ ಮಿಕ್ಕಿದ್ದು ಅಷ್ಟಿಷ್ಟು ಜಾರಿದರೂ ಕಣ್ಣಿಗೆ ಬೀಳೋದಿಲ್ಲ.

ಕ್ಯಾಮೆರಾ ಪಳಗಿತು ಅಂತ ಬೀಗುತ್ತಿದ್ದಾಗಲೇ ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ಒಂದು ನಾಟಕ ಒಪ್ಪಿಕೊಂಡೆ. ಮುನ್ನೂರು ಚಿಲ್ಲರೆ ಸೀಟು, ಏನು ಮಹಾ ಅಂದುಕೊಂಡಿದ್ದೆ. ಆಟ ಮುಗಿದ ಮೇಲೆ ಅಪ್ಪನ ಕಂಪನಿಯಲ್ಲಿದ್ದ ಹಿರಿಯ ನಟಿಯೊಬ್ಬರು ರಂಗದ ಹಿಂದೆ ಬಂದು ನನ್ನ ಗಲ್ಲ ಹಿಡಿದು, ‘ಮೈ ಬಂದಿತ್ತವ್ವಾ. ದನಿ ಮನ್ಯಾಗ ಬಿಟ್ಟ ಬಂದಿದ್ದಿ’ ಅಂದರು. ಎರಡಡಿಗೆ ಒಗ್ಗಿದ ಉಸಿರು ಎರಡಡಿಗೇ ಮುಗಿದುಹೋಗುತ್ತಿತ್ತು. ಮರುದಿನದಿಂದ ಬೆಳಗಿನ ಐದಕ್ಕೆ ತಾರಸಿಯ ಮೇಲೆ ಅಭ್ಯಾಸ. ಎದುರುಮನೆಯವರು ನನಗೆ ಗಂಡನ ಜತೆ ಜಗಳ ಅಂದುಕೊಂಡಿದ್ದರಂತೆ. ಈಗ ವರ್ಷಕ್ಕೊಂದು ನಾಟಕ ಬಿಡೋದಿಲ್ಲ. ಧಾರಾವಾಹಿಯವರಿಗೆ ಮೊದಲೇ ಹೇಳಿರ್ತೀನಿ: ಆಟದ ದಿನ ಮೂರಕ್ಕೆ ಬಿಡಬೇಕು. ರಂಗಶಂಕರದಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುತ್ತಾರೆ, ತಡವಾದ ಪ್ರೇಕ್ಷಕರನ್ನೇ ಬಿಡೋದಿಲ್ಲ, ನಟಿಯ ಗತಿ?

ಹೀಗೆ ಡೇಟು ಕೇಳಿ ಕೇಳಿಯೋ ಏನೋ, ಹೋದ ವರ್ಷ ಒಂದು ಧಾರಾವಾಹಿಯಲ್ಲಿ ನನ್ನನ್ನು ಸಾಯಿಸಿಬಿಟ್ಟರು. ಸಾಯೋ ಸೀನು ಕೂಡ ಇಲ್ಲ, ಅರ್ಧ ದಿನ ಕರೆಸಿ ಒಂದು ಫೋಟೋ ತೆಗೆದು, ಹಾರ ಹಾಕಿ ಗೋಡೆಗೆ ನೇತುಹಾಕಿದರು. ಊರಲ್ಲಿ ಅವ್ವ ಮೂರು ದಿನ ಟಿವಿ ಹಚ್ಚಲಿಲ್ಲ. ಈಗಲೂ ರಾತ್ರಿ ಸೊಸೆ ಬಂದು ಆ ಫೋಟೋ ಮುಂದೆ ಅಳುತ್ತಾಳೆ, ಕ್ಯಾಮೆರಾ ನಿಧಾನಕ್ಕೆ ನನ್ನ ಮುಖಕ್ಕೆ ಟೈಟ್ ಆಗುತ್ತೆ. ಇಷ್ಟು ಕಡಿಮೆ ಮಾಡಿದ್ದು ಇದೇ ಮೊದಲು.