ಹೈಸ್ಕೂಲಿನಲ್ಲಿ ಓದು-ಬರಹಕ್ಕೆ ನಾಲ್ಕು ಬೆಂಚು

ಕಾಸರಗೋಡಿನ ಕನ್ನಡ ಮಾಧ್ಯಮದ ಎಂಟನೇ ತರಗತಿಯಲ್ಲಿ ಪತ್ರಿಕೆಯನ್ನು ಸರಾಗವಾಗಿ ಓದುವವರೂ ಇರುತ್ತಾರೆ, ಒತ್ತಕ್ಷರ ಬಂದಲ್ಲಿ ತಡವರಿಸುವವರೂ ಇರುತ್ತಾರೆ. ಮನೆಮಾತು ತುಳು, ಹವ್ಯಕ, ಕೊಂಕಣಿ, ಮಲಯಾಳ ಹೀಗೆ ಬೇರೆ ಬೇರೆ. ಎಲ್ಲರಿಗೂ ಒಟ್ಟಿಗೆ ಒಂದೇ ಪಾಠ ಓದಿಸಿದರೆ ಇಬ್ಬರಿಗೂ ಅನ್ಯಾಯ. ಕಲಿಕಾ ಕೇಂದ್ರ, ಅಂದರೆ ತರಗತಿಯೊಳಗೇ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಜಾಗ ಮಾಡಿ ಮಕ್ಕಳ ಗುಂಪುಗಳು ಸರದಿಯಂತೆ ಅಲ್ಲಿಗೆ ಹೋಗುವ ಏರ್ಪಾಟು, ಮಾಡಬೇಕಾದದ್ದು ಇದಕ್ಕೇ. ಆದರೆ ಒಂದನೇ ತರಗತಿಯ ಬಣ್ಣದ ಚಾರ್ಟನ್ನು ಇಲ್ಲಿಗೆ ತರಬೇಡಿ. ಹದಿಮೂರರ ಹುಡುಗನಿಗೆ ಅದನ್ನು ಕಂಡರೇ ನಾಚಿಕೆ. ಆ ಜಾಗಗಳನ್ನು ಚಿಕ್ಕ ತರಗತಿಗಳಂತೆ ‘ಮೂಲೆ’ ಎನ್ನುವುದೂ ಬೇಡ, ‘ಬೆಂಚು’ ಎಂದರೆ ಸಾಕು.

24 ಮಕ್ಕಳಿದ್ದರೆ ಆರಾರು ಮಂದಿಯ ನಾಲ್ಕು ಗುಂಪು. ಗುಂಪಿನೊಳಗೆ ಕೆಲಸ ಇಬ್ಬಿಬ್ಬರದು. ಆರು ಮಂದಿ ಒಟ್ಟಿಗೆ ಕೂತರೆ ಇಬ್ಬರು ಬರೆದು ನಾಲ್ವರು ನೋಡುತ್ತಾರೆ. 45 ನಿಮಿಷದ ಪೀರಿಯಡ್‌ನಲ್ಲಿ ಸೂಚನೆಗೆ 4, ಮೊದಲ ಬೆಂಚಿಗೆ 17, ಜಾಗ ಬದಲಿಸಲು 2, ಎರಡನೆಯದಕ್ಕೆ 17, ಪುಸ್ತಕ ಒಪ್ಪಿಸಲು 5 ನಿಮಿಷ. ನಾಲ್ಕೂ ಬೆಂಚು ಮುಗಿಯಲು ಎರಡು ಪೀರಿಯಡ್ ಬೇಕು. ಒಂದೇ ದಿನ ಮುಗಿಸಹೊರಟರೆ ಓಡಾಟವೇ ಆದೀತು.

ಮೊದಲನೆಯದು ಅಧ್ಯಾಪಕರ ಬೆಂಚು. ಸುಮಾರು ನೂರು ಪದಗಳ ಗದ್ಯಭಾಗವನ್ನು ಒಬ್ಬೊಬ್ಬರೂ ಒಂದು ನಿಮಿಷ ಮೆಲುದನಿಯಲ್ಲಿ ಓದಲಿ; ಎಡವಿದ ಪದಕ್ಕೆ ನೀವು ಗೆರೆ ಹಾಕಿ, ನಡುವೆ ತಿದ್ದಬೇಡಿ. ಎರಡನೆಯದು ಪದಗಳ ಬೆಂಚು: ಹೀಗೆ ಗೆರೆ ಬಿದ್ದ ಪದಗಳಲ್ಲೇ ಹತ್ತನ್ನು ಚೀಟಿಯಲ್ಲಿ ಬರೆದಿಡಿ. ಒಬ್ಬರು ಓದಿ ಹೇಳಿದ್ದನ್ನು ಇನ್ನೊಬ್ಬರು ಬರೆಯಬೇಕು. ಮೂರನೆಯದರಲ್ಲಿ ಹಿಂದಿನ ವಾರ ತಾವೇ ಬರೆದ ಐದಾರು ಸಾಲುಗಳನ್ನು ತಿದ್ದಿ ಬರೆಯುವುದು.

ಗಡಿನಾಡಿನವರು ಹೆಚ್ಚು ಶ್ರಮ ಹಾಕಬೇಕಾದದ್ದು ನಾಲ್ಕನೆಯದಕ್ಕೆ. ಪಂಚಾಯತಿನ ಮಲಯಾಳ ನೋಟಿಸೊಂದನ್ನು ಇಟ್ಟು, ಅದನ್ನು ಅಜ್ಜಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆಯಲು ಹೇಳಿ. ಮಲಯಾಳದ ‘ಅಪೇಕ್ಷ’ವನ್ನು ಮಕ್ಕಳು ‘ಅಪೇಕ್ಷೆ’ ಎಂದೇ ಬರೆದುಬಿಡುತ್ತಾರೆ, ಬೇಕಾದದ್ದು ‘ಅರ್ಜಿ’. ‘ಅವಸರಂ’ ಅಲ್ಲಿ ಅವಕಾಶ, ನಮ್ಮಲ್ಲಿ ಗಡಿಬಿಡಿ. ‘ಅವಸಾನ ತೀಯತಿ’ ಎಂದರೆ ಕೊನೆಯ ದಿನಾಂಕ, ಕನ್ನಡದ ಅವಸಾನಕ್ಕೆ ಸಾವಿನ ಛಾಯೆ ಇದೆ. ಎರಡೂ ಭಾಷೆ ಕಿವಿಗೆ ಬಿದ್ದಿರುವ ಮಕ್ಕಳು ಇಂಥದ್ದನ್ನು ಬೇಗ ಹಿಡಿಯುತ್ತಾರೆ. ಓದಿನಲ್ಲಿ ಹಿಂದಿದ್ದವರೂ ಇಲ್ಲಿ ಮುಂದೆ ಬರುವುದುಂಟು. ಇಂಥ ಜೋಡಿಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕೂಡಿಡಿ, ಮುಂದಿನ ಬ್ಯಾಚಿಗೆ ಆಗುತ್ತದೆ.

ನಾಲ್ಕನ್ನೂ ಮೊದಲ ದಿನವೇ ಹೂಡಬೇಡಿ. ವಾರಕ್ಕೊಂದರಂತೆ ಇಡೀ ತರಗತಿಗೆ ಮಾಡಿಸಿ, ರೂಢಿಯಾದ ಮೇಲೆ ಒಟ್ಟು ಮಾಡಿ. ಪ್ರತಿ ಬೆಂಚಿನಲ್ಲಿ ನಾಲ್ಕು ಸಾಲಿನ ಸೂಚನಾ ಕಾರ್ಡ್ ಇರಲಿ. ಇಲ್ಲವಾದರೆ ಎಲ್ಲರೂ ನಿಮ್ಮ ಬಳಿ ಓಡಿಬಂದು ಮೊದಲ ಬೆಂಚಿನ ಕೆಲಸ ಕೆಡುತ್ತದೆ. ಸಂಶಯ ಬಂದರೆ ಮೊದಲು ಕಾರ್ಡ್, ಮತ್ತೆ ಜೊತೆಗಾರ, ಆಮೇಲೆ ನೀವು. ಬೇಗ ಮುಗಿಸಿದವರಿಗೆ ಹಳೆಯ ಪತ್ರಿಕೆಯ ಸ್ಥಳೀಯ ಪುಟ ಕೊಡಿ.

ಗುಂಪು ಎರಡು ವಾರಕ್ಕೊಮ್ಮೆ ಬದಲಾಗಲೇಬೇಕು. ಓದಲು ಕಷ್ಟಪಡುವ ಆರು ಮಂದಿಯನ್ನು ಓಣಂ ಪರೀಕ್ಷೆಯವರೆಗೂ (ವರ್ಷದ ಮೊದಲ ಟರ್ಮಿನ ಪರೀಕ್ಷೆ) ಒಟ್ಟಿಗೆ ಕೂರಿಸಿದರೆ ಆ ಗುಂಪಿಗೆ ಅಡ್ಡಹೆಸರು ಬೀಳುತ್ತದೆ, ಆಮೇಲೆ ಅವರು ಬಾಯಿ ತೆರೆಯುವುದಿಲ್ಲ. ಇನ್ನು, ಜೂನ್-ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೆಲುದನಿಯ ಓದು ಕೇಳಿಸದು. ಅಂಥ ದಿನ ಮೊದಲ ಬೆಂಚಿನಲ್ಲೂ ಬರೆಯಿಸಿ, ಓದನ್ನು ಮಳೆ ಬಿಟ್ಟ ದಿನಕ್ಕೆ ಇಟ್ಟುಕೊಳ್ಳಿ.